ಒಂದು ಫೋನ್ ನಂಬರಿನ ನಿಜವಾದ ಬೆಲೆ ಎಷ್ಟು?



ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರು ಈ ವರ್ಷ ನನ್ನೊಂದಿಗೆ ಮಾಡಿದ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ಈ ಪಾಠವಿಲ್ಲ. ಇದು ಶುರುವಾಗಿದ್ದು ತಾಳಗುಂದದ ನಮ್ಮ ಮನೆಯ ಜಗುಲಿಯ ಮೇಲೆ, ನನ್ನ ಮಾಮು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ಬೇಟಾ, ಈ ಮೆಸೇಜ್ ಏನು ನೋಡು, ಮತ್ತೆ ದುಡ್ಡು ಹೋಗಿದೆ" ಎಂದಾಗ.

ಮಾಮು ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ. ಎರಡು ಯಂತ್ರ, ಮನೆಯವರೇ ಕೆಲಸಗಾರರು. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ನಿಷೇಧ ಬಂತು, 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೂ ನಿಷೇಧ ಬಂತು. ಇನ್ನು ತಟ್ಟೆಗೆ ಕಾಲ ಬಂತು ಎಂದುಕೊಂಡರು. ಸರಕು ಇತ್ತು, ಕೊಳ್ಳುವವರು ಯಾರು ಎಂಬುದು ಗೊತ್ತಿರಲಿಲ್ಲ. ಶಾಮಿಯಾನದವರು, ಅಡುಗೆ ಕಂಟ್ರಾಕ್ಟರುಗಳು, ಕಲ್ಯಾಣ ಮಂಟಪ, ಶಾದಿ ಮಹಲ್, ತಟ್ಟೆ-ಲೋಟ ಮಾರುವ ಅಂಗಡಿಗಳು, ಇವರ ಫೋನ್ ನಂಬರ್ ಬೇಕಿತ್ತು. ಆಗ ಅವರು ಎರಡು ಕಡೆ ದುಡ್ಡು ಕೊಟ್ಟರು. ಎರಡೂ ವ್ಯಾಪಾರಿಗಳ ಸಂಪರ್ಕ ವಿವರಗಳನ್ನು ಫೈಲ್ ಮಾಡಿ ಕೊಡುವ ಸೇವೆಗಳೇ. ಅವುಗಳ ಹೆಸರು ಇಲ್ಲಿ ಬೇಡ. ಒಂದನ್ನು 'ಅ' ಎನ್ನೋಣ, ಇನ್ನೊಂದನ್ನು 'ಆ'.

'ಅ' ಸೇವೆಯವನು ವಾಟ್ಸ್ಆ್ಯಪ್‌ನಲ್ಲಿ ಬಂದವನು. 5,000 ನಂಬರುಗಳ ಪಟ್ಟಿ, 3,000 ರೂಪಾಯಿ, ಮೇಲೆ 18% ಜಿಎಸ್‌ಟಿ 540 ರೂಪಾಯಿ. ಒಟ್ಟು 3,540. 'ಆ' ಒಂದು ಜಾಲತಾಣ. ತಿಂಗಳಿಗೆ 1,999 ರೂಪಾಯಿ, ಜಿಎಸ್‌ಟಿ ಸೇರಿ 2,358 ರೂಪಾಯಿ 82 ಪೈಸೆ. ಅದಕ್ಕೆ 500 'ಕ್ರೆಡಿಟ್' ಕೊಡುತ್ತಾರೆ, ಒಂದು ಸಾಲು ಇಳಿಸಿಕೊಂಡರೆ ಒಂದು ಕ್ರೆಡಿಟ್ ಖರ್ಚು. ಮಾಮು ಅವರ ಲೆಕ್ಕ ಸರಳವಾಗಿತ್ತು. 'ಅ'ದಲ್ಲಿ ಒಂದು ನಂಬರಿಗೆ 71 ಪೈಸೆ, 'ಆ'ದಲ್ಲಿ 4 ರೂಪಾಯಿ 72 ಪೈಸೆ. 'ಆ' ತಮ್ಮನ್ನು ಸುಲಿದಿದೆ ಎಂಬುದು ಅವರ ದೂರು.

ಈ ದೂರನ್ನು ನಾನು ತರಗತಿಗೆ ತಂದೆ. ಯಾವುದು ಅಗ್ಗ ಎಂದು ಕೇಳಿದೆ. ಇಡೀ ತರಗತಿ 'ಅ' ಎಂದಿತು. ಹಿಂದಿನ ಬೆಂಚಿನ ಒಬ್ಬ ಮಾತ್ರ, "ಸರ್, ನಂಬರ್ ಹತ್ತುತ್ತಾ?" ಎಂದು ಕೇಳಿದ. ಪಾಠ ಅಲ್ಲಿಂದ ಮುಂದೆ ಹೋಯಿತು.

ಮೊದಲು ಒಂದು ವಿಷಯ ತೀರ್ಮಾನಿಸಿಕೊಂಡೆವು. ಫೋನ್ ಮಾಡುವ ಮೊದಲೇ 'ಉಪಯೋಗಕ್ಕೆ ಬಂದ ನಂಬರ್' ಎಂದರೇನು ಎಂದು ಬರೆದಿಡಬೇಕು. ಆಮೇಲೆ ಬರೆದರೆ ನಮಗೆ ಇಷ್ಟವಾದ ಸೇವೆಯ ಕಡೆ ತಕ್ಕಡಿ ವಾಲುತ್ತದೆ. ನಾವು ಬರೆದುಕೊಂಡಿದ್ದು ಇಷ್ಟು: ನಂಬರ್ ಚಾಲ್ತಿಯಲ್ಲಿರಬೇಕು, ಪಟ್ಟಿಯಲ್ಲಿರುವ ಅಂಗಡಿಯವರೇ ಎತ್ತಬೇಕು, ಪಟ್ಟಿ ಹೇಳುವ ವ್ಯಾಪಾರವನ್ನೇ ಅವರು ಮಾಡುತ್ತಿರಬೇಕು, ಅಂಗಡಿ ಈಗಲೂ ನಡೆಯುತ್ತಿರಬೇಕು. ನಾಲ್ಕೂ ಕೂಡಿದರೆ ಮಾತ್ರ ಒಂದು ಅಂಕ. ಅವರು ತಟ್ಟೆ ಕೊಳ್ಳುತ್ತಾರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ಅದು ಮಾಮು ಅವರ ತಟ್ಟೆಯ ಯೋಗ್ಯತೆಗೆ ಬಿಟ್ಟಿದ್ದು.

ಎರಡನೆಯದು, ಪರೀಕ್ಷೆಗೆ ಯಾವ ಸಾಲುಗಳನ್ನು ಆರಿಸುವುದು? ಮೊದಲ 50 ತೆಗೆದುಕೊಂಡರೆ ಸುಲಭ. ಆದರೆ ತರಕಾರಿ ಬುಟ್ಟಿಯಲ್ಲಿ ಒಳ್ಳೆಯ ಟೊಮೆಟೊ ಮೇಲೇ ಇರುತ್ತದೆ. ಎಕ್ಸೆಲ್‌ನಲ್ಲಿ ಒಂದು ಖಾಲಿ ಕಾಲಂಗೆ 'ರ್‍ಯಾಂಡ್' ಸೂತ್ರ ಹಾಕಿ, ಆ ಕಾಲಂನ ಪ್ರಕಾರ ಜೋಡಿಸಿದರೆ ಸಾಲುಗಳು ಇಸ್ಪೀಟು ಕಲಸಿದಂತೆ ಕಲಸಿಹೋಗುತ್ತವೆ. ಆಗ ಮೇಲಿನ 50 ತೆಗೆದುಕೊಂಡೆವು, ಎರಡೂ ಪಟ್ಟಿಗಳಿಂದ.

ಫೈಲ್ ತೆರೆಯುವಾಗಲೇ ಒಂದು ಗಂಟೆ ಹೋಯಿತು, ಅದನ್ನೂ ಹೇಳಬೇಕು. ಇಂಥ ಸೇವೆಗಳು ಹೆಚ್ಚಾಗಿ ಸಿಎಸ್‌ವಿ ಎಂಬ ಫೈಲ್ ಕೊಡುತ್ತವೆ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಅಕ್ಷರ. ಅದನ್ನು ಎರಡು ಸಲ ಕ್ಲಿಕ್ಕಿಸಿ ತೆರೆದರೆ ಎಕ್ಸೆಲ್ ತನ್ನ ಬುದ್ಧಿ ಓಡಿಸುತ್ತದೆ. ಮುಂದೆ 91 ಸೇರಿದ 12 ಅಂಕಿಯ ಮೊಬೈಲ್ ನಂಬರನ್ನು ಅದು ದೊಡ್ಡ ಸಂಖ್ಯೆ ಎಂದು ತಿಳಿದು 9.19ಇ+11 ಎಂದು ತೋರಿಸುತ್ತದೆ. ಶಿಕಾರಿಪುರದ ಸ್ಥಿರ ದೂರವಾಣಿಯ 08187 ಎಂಬ ಕೋಡ್‌ನ ಮೊದಲ ಸೊನ್ನೆಯನ್ನು ನುಂಗುತ್ತದೆ. ಕನ್ನಡದಲ್ಲಿದ್ದ ಅಂಗಡಿ ಹೆಸರುಗಳು ಯಾವುದೋ ಗೀಟು-ಚುಕ್ಕಿಗಳಾಗಿ ಕಾಣುತ್ತವೆ. ನಮ್ಮ ಹುಡುಗರು ಆ ಸ್ಥಿತಿಯಲ್ಲೇ 'ಸೇವ್' ಒತ್ತಿದ್ದರು. ಹಾಗೆ ಮಾಡಿದರೆ ನಂಬರಿನ ಕೊನೆಯ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಮೂಲ ಫೈಲ್ ಮಾಮು ಅವರ ಫೋನಿನಲ್ಲಿ ಇತ್ತು, ಬಚಾವಾದೆವು. ಸರಿಯಾದ ದಾರಿ: ಎಕ್ಸೆಲ್‌ನ 'ಡೇಟಾ' ಪಟ್ಟಿಯಿಂದ ಫೈಲನ್ನು ಒಳಗೆ ತರಿಸಿ, ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ, ಫೋನ್ ನಂಬರಿನ ಕಾಲಂ 'ಟೆಕ್ಸ್ಟ್' ಎಂದು ಹೇಳುವುದು. ಫೋನ್ ನಂಬರ್ ಸಂಖ್ಯೆಯಲ್ಲ, ಅಂಕಿಗಳಲ್ಲಿ ಬರೆದ ಹೆಸರು. ಅದನ್ನು ಯಾರೂ ಕೂಡಿಸುವುದಿಲ್ಲ, ಭಾಗಿಸುವುದಿಲ್ಲ.

ಕರೆಗಳನ್ನು ಸಿಬ್ಬಂದಿ ಕೊಠಡಿಯಲ್ಲಿ ಕೂತು, ನನ್ನ ಫೋನಿನಿಂದ ಮಾತ್ರ ಮಾಡಿದೆವು. ವಿದ್ಯಾರ್ಥಿಗಳ, ಅದರಲ್ಲೂ ವಿದ್ಯಾರ್ಥಿನಿಯರ ನಂಬರ್ ಅಪರಿಚಿತರ ಕೈಗೆ ಹೋಗಬಾರದು. ಎತ್ತದವರಿಗೆ ಬೇರೆ ಬೇರೆ ದಿನ ಮೂರು ಸಲ.

'ಅ' ಪಟ್ಟಿಯ 50ರಲ್ಲಿ ಉಪಯೋಗಕ್ಕೆ ಬಂದದ್ದು 11. ಚಾಲ್ತಿಯಲ್ಲೇ ಇಲ್ಲದವು 14. ಬೇರೆ ಯಾರೋ ಎತ್ತಿದ್ದು 9. ಅಂಗಡಿ ಮುಚ್ಚಿದವರು ಅಥವಾ ಬೇರೆ ವ್ಯಾಪಾರದವರು 7. ಒಂದೇ ಅಂಗಡಿ ಎರಡನೇ ಸಲ ಬಂದದ್ದು 5. ಮೂರು ಸಲವೂ ಎತ್ತದವರು 4. 'ಆ' ಪಟ್ಟಿಯಲ್ಲಿ ಉಪಯೋಗಕ್ಕೆ ಬಂದವು 34, ಚಾಲ್ತಿಯಲ್ಲಿ ಇಲ್ಲದವು 4, ಬೇರೆಯವರು 3, ಮುಚ್ಚಿದವು ಮತ್ತು ಬೇರೆ ವ್ಯಾಪಾರ 4, ಮರುಕಳಿಕೆ 1, ಎತ್ತದವರು 4.

ಅಂದರೆ 22% ಮತ್ತು 68%. ಕೇವಲ 50 ಸಾಲು ನೋಡಿ ಹೀಗೆ ಹೇಳಬಹುದೇ ಎಂದು ಸಂಖ್ಯಾಶಾಸ್ತ್ರ ಓದುವವರು ಕೇಳಿದರು. ಒಳ್ಳೆಯ ಪ್ರಶ್ನೆ. 50ರ ಮಾದರಿಯಲ್ಲಿ 68% ಬಂದರೆ ನಿಜವಾದ ಪ್ರಮಾಣ ಸುಮಾರು 55ರಿಂದ 81ರ ನಡುವೆ ಎಲ್ಲಾದರೂ ಇರಬಹುದು. 22% ಎಂಬುದು 10ರಿಂದ 34ರ ನಡುವೆ. ಎರಡು ಗೆರೆಗಳೂ ಒಂದರ ಮೇಲೊಂದು ಬೀಳುವುದಿಲ್ಲ, ಆದ್ದರಿಂದ 'ಆ' ಗುಣಮಟ್ಟದಲ್ಲಿ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಆದರೆ 'ಆ' 68% ಸರಿ ಎಂದು ಬೋರ್ಡು ಬರೆದು ಹಾಕುವ ಧೈರ್ಯ ಮಾಡಬಾರದು.

ಈಗ ಬೆಲೆಗೆ ಬರೋಣ. 'ಅ'ದ 5,000ದಲ್ಲಿ 22% ಎಂದರೆ 1,100 ಒಳ್ಳೆಯ ನಂಬರ್. 3,540ನ್ನು 1,100ರಿಂದ ಭಾಗಿಸಿದರೆ 3 ರೂಪಾಯಿ 22 ಪೈಸೆ. 'ಆ'ದಲ್ಲಿ ಒಂದು ಒಳ್ಳೆಯ ನಂಬರಿಗೆ 6 ರೂಪಾಯಿ 94 ಪೈಸೆ. ಇನ್ನೂ 'ಅ'ವೇ ಅಗ್ಗ. ತರಗತಿ ಗೆದ್ದೆವು ಎಂದುಕೊಂಡಿತು.

ಆದರೆ ಆ 1,100 ಯಾವುದು ಎಂದು ಪಟ್ಟಿ ಹೇಳುವುದಿಲ್ಲ. ಒಂದೊಂದಕ್ಕೂ ಫೋನ್ ಮಾಡಿಯೇ ತಿಳಿಯಬೇಕು. ಒಂದು ಕರೆಗೆ, ಬರೆದುಕೊಳ್ಳುವುದೂ ಸೇರಿ, 3 ನಿಮಿಷ ಎಂದು ಹಿಡಿದೆವು. ಬಂದಾದ ನಂಬರಿಗೆ ಅಷ್ಟು ಬೇಡ ಎಂದು ಒಬ್ಬ ವಾದಿಸಿದ. ಸರಿಯೇ, ಆದರೆ ಎತ್ತದವರಿಗೆ ಮೂರು ಸಲ ಮಾಡಬೇಕಲ್ಲ, ಸರಾಸರಿ ಮೂರೇ ಇರಲಿ ಎಂದೆವು. ಕೂಲಿ ಗಂಟೆಗೆ 60 ರೂಪಾಯಿ, ಅಂದರೆ ನಿಮಿಷಕ್ಕೆ 1 ರೂಪಾಯಿ. ಈಗ 'ಅ'ದಲ್ಲಿ ಒಂದು ಒಳ್ಳೆಯ ನಂಬರ್ ಸಿಗಲು 13.64 ನಿಮಿಷ ಬೇಕು, ಪಟ್ಟಿಯ ಬೆಲೆ ಕೂಡಿದರೆ 16 ರೂಪಾಯಿ 85 ಪೈಸೆ. 'ಆ'ದಲ್ಲಿ 4.41 ನಿಮಿಷ, ಒಟ್ಟು 11 ರೂಪಾಯಿ 35 ಪೈಸೆ. ತಕ್ಕಡಿ ತಿರುಗಿತು.

ಇನ್ನೂ ಒಂದಿದೆ. 5,000 ಕರೆ ಮಾಡಲು 250 ಗಂಟೆ ಬೇಕು. ದಿನಕ್ಕೆ ಎರಡು ಗಂಟೆಯಂತೆ 125 ದಿನ. ಹಾಳೆ ಒಣಗಿಸುವುದು, ಒತ್ತುವುದು, ಕಟ್ಟುವುದು ಬಿಟ್ಟು ಮಾಮು ಫೋನ್ ಹಿಡಿದು ಕೂರಲು ಸಾಧ್ಯವೇ? ಅವರು ನಿಜವಾಗಿ 'ಅ' ಪಟ್ಟಿಯಿಂದ ಮಾಡಿದ್ದು ಸುಮಾರು 300 ಕರೆ, ಆಮೇಲೆ ಬೇಸತ್ತು ಬಿಟ್ಟರು. ಉಳಿದ 4,700 ಸಾಲು ಇದ್ದೂ ಇಲ್ಲದಂತೆ. ಹಾಗಾದರೆ 3,540 ರೂಪಾಯಿ ಹಂಚಿಕೆಯಾಗುವುದು 300ರ 22% ಆದ 66 ನಂಬರುಗಳಿಗೆ ಮಾತ್ರ. ಒಂದಕ್ಕೆ 53 ರೂಪಾಯಿ 64 ಪೈಸೆ, ಸಮಯದ ಕೂಲಿ ಸೇರಿ 67 ರೂಪಾಯಿ ದಾಟುತ್ತದೆ. 71 ಪೈಸೆ ಎಂದು ಕೊಂಡಿದ್ದು 67 ರೂಪಾಯಿ. ಈ ಸಾಲನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ಯಾರೂ ಮಾತಾಡಲಿಲ್ಲ.

ಹಾಗೆಂದು 'ಆ' ಸೇವೆ ನಿರ್ದೋಷಿಯಲ್ಲ. ಅದರ ತೊಂದರೆ ನಂಬರಿನಲ್ಲಿರಲಿಲ್ಲ, ಬಿಲ್ಲಿನಲ್ಲಿತ್ತು. ಮಾಮು 500 ಕ್ರೆಡಿಟ್‌ನಲ್ಲಿ 300 ಬಳಸಿದರು. ಉಳಿದ 200 ತಿಂಗಳ ಕೊನೆಗೆ ಸತ್ತವು, ಮುಂದಿನ ತಿಂಗಳಿಗೆ ಬರಲಿಲ್ಲ. ಆಗಲೇ ಒಂದು ಒಳ್ಳೆಯ ನಂಬರಿನ ಬೆಲೆ, ಕೂಲಿ ಸೇರಿ, 11.35ರಿಂದ 15 ರೂಪಾಯಿ 97 ಪೈಸೆಗೆ ಏರಿತು. ಆಮೇಲೆ ಎರಡನೇ ತಿಂಗಳ 2,358.82 ತಾನಾಗಿಯೇ ಖಾತೆಯಿಂದ ಹೋಯಿತು. ನನ್ನ ಕೈಗೆ ಕೊಟ್ಟ ಮೆಸೇಜ್ ಅದೇ. ಎರಡನೇ ತಿಂಗಳು ಅವರು ಒಂದು ಸಾಲನ್ನೂ ಇಳಿಸಿಕೊಂಡಿರಲಿಲ್ಲ. ಈಗ ಬೆಲೆ 27 ರೂಪಾಯಿ 54 ಪೈಸೆ. ನಂಬರುಗಳ ಗುಣ ಒಂದಿಷ್ಟೂ ಬದಲಾಗಿಲ್ಲ, ಬೆಲೆ ಎರಡೂವರೆ ಪಟ್ಟು ಹತ್ತಿರ ಹತ್ತಿರ ಬಂತು. ಗುಣಮಟ್ಟವನ್ನೂ ಬಿಲ್ಲನ್ನೂ ಬೇರೆ ಬೇರೆ ಹೋಲಿಸಿದರೆ ಪ್ರಯೋಜನವಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಈ ತಾನಾಗಿ ಹೋಗುವ ದುಡ್ಡಿನ ಬಗ್ಗೆ ನೀವು ತಿಳಿದಿರಲೇಬೇಕು, ಏಕೆಂದರೆ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಅಬ್ಬಾ ಅಮ್ಮಿಯ ಫೋನಿನ ಯುಪಿಐ ನಿಮ್ಮ ಕೈಯಲ್ಲೇ ಇದೆ. ಮೊದಲ ಸಲ 'ಆಟೋಪೇ'ಗೆ ಒಪ್ಪಿ ಪಿನ್ ಒತ್ತಿದರೆ, ಆಮೇಲೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತುಗಳಿಗೆ ಮತ್ತೆ ಪಿನ್ ಅಥವಾ ಒಟಿಪಿ ಕೇಳುವುದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಮಾಮು ಅವರಿಗೂ ಸೂಚನೆ ಬಂದಿತ್ತು, ಇಂಗ್ಲಿಷಿನಲ್ಲಿ, ಹತ್ತು ಜಾಹೀರಾತು ಮೆಸೇಜುಗಳ ನಡುವೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಜಾಗಕ್ಕೆ ಹೋದರೆ ಯಾವ ಯಾವ ಸಂಸ್ಥೆಗೆ ಒಪ್ಪಿಗೆ ಕೊಟ್ಟಿದ್ದೇವೆ ಎಂದು ಕಾಣುತ್ತದೆ, ಅಲ್ಲಿಯೇ ರದ್ದು ಮಾಡಬಹುದು. ಇವತ್ತು ಮನೆಗೆ ಹೋಗಿ ಒಮ್ಮೆ ನೋಡಿ. ನೋಡಿದ ನಮ್ಮ ಇಬ್ಬರು ವಿದ್ಯಾರ್ಥಿಗಳಿಗೆ ಮನೆಯವರೇ ಮರೆತಿದ್ದ ಒಂದೊಂದು ಒಪ್ಪಿಗೆ ಸಿಕ್ಕಿತು.

ಸೇರುವುದು ಒಂದು ಕ್ಲಿಕ್, ಬಿಡುವುದು ಹತ್ತು ಬಾಗಿಲು ಎಂಬಂಥ ಏರ್ಪಾಡಿಗೆ ಕಾನೂನಿನಲ್ಲಿ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಜಾಲತಾಣ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ಬಲೆ ಅವುಗಳಲ್ಲಿ ಒಂದು. ಮೊದಲು ಕಡಿಮೆ ಬೆಲೆ ತೋರಿಸಿ ಪಾವತಿಯ ಹೊತ್ತಿಗೆ ಒಂದೊಂದೇ ಸೇರಿಸುವುದು ಇನ್ನೊಂದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾಮು ಅವರ ದೂರನ್ನು ನಮ್ಮ ಹುಡುಗರೇ ದಾಖಲಿಸಿದರು. ನಾನು ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

'ಅ' ಸೇವೆಯ ಬಿಲ್ಲಿನಲ್ಲಿ ಬೇರೆಯೇ ಹುಳುಕಿತ್ತು, ಹಿಡಿದವಳು ಆನವಟ್ಟಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ. 540 ರೂಪಾಯಿ ಜಿಎಸ್‌ಟಿ ಎಂದು ಹಾಕಿದ್ದಾರೆ, ಆದರೆ ಜಿಎಸ್‌ಟಿ ನಂಬರ್ ಎಲ್ಲಿ ಎಂದು ಕೇಳಿದಳು. ಇರಲಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಅದು ತೆರಿಗೆಯ ಹೆಸರಿನಲ್ಲಿ ಪಡೆದ ದುಡ್ಡು, ಅಷ್ಟೇ. ಲೆಕ್ಕಶಾಸ್ತ್ರದ ಮೇಡಂ ಈ ಹುಡುಗಿಯ ಬಗ್ಗೆ ಮೂರು ದಿನ ಹೇಳಿಕೊಂಡು ತಿರುಗಿದರು.

ಜಿಎಸ್‌ಟಿ ನಂಬರನ್ನು ಓದಲು ಕಲಿತರೆ ಪಟ್ಟಿಯ ಗುಣಮಟ್ಟ ನೋಡಲೂ ಅನುಕೂಲ. ಅದರಲ್ಲಿ 15 ಅಕ್ಷರ-ಅಂಕಿಗಳಿವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ 10 ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಒಟ್ಟಿನಲ್ಲಿ ಆರನೆಯದು, ಮಾಲೀಕ ಯಾರು ಎಂದು ಹೇಳುತ್ತದೆ: ಪಿ ಎಂದರೆ ಒಬ್ಬ ವ್ಯಕ್ತಿ, ಎಫ್ ಎಂದರೆ ಪಾಲುದಾರಿಕೆ ಸಂಸ್ಥೆ, ಸಿ ಎಂದರೆ ಕಂಪನಿ. ಜಿಎಸ್‌ಟಿ ಜಾಲತಾಣದಲ್ಲಿ ತೆರಿಗೆದಾರರ ಹುಡುಕಾಟ ಉಚಿತ. ನಂಬರ್ ಹಾಕಿದರೆ ಹೆಸರು, ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಕಾಣುತ್ತದೆ. ಫೋನ್ ನಂಬರ್ ಸಿಗುವುದಿಲ್ಲ, ಆದರೆ ಪಟ್ಟಿಯಲ್ಲಿ ಅಂಗಡಿ ಜೀವಂತ ಎಂದು ಬರೆದದ್ದು ನಿಜವೇ ಎಂದು ಒಂದು ಪೈಸೆ ಖರ್ಚಿಲ್ಲದೆ ನೋಡಬಹುದು. ಒಂದು ಮಿತಿ ಇದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನಮ್ಮ ಕಡೆಯ ಎಷ್ಟೋ ಅಂಗಡಿಗಳು, ಮಾಮು ಅವರದ್ದೂ ಸೇರಿ, ಅಲ್ಲಿ ಕಾಣುವುದೇ ಇಲ್ಲ. ನೋಂದಣಿ ಇಲ್ಲದ ಕಾರಣ ಅವರು ಕೊಟ್ಟ 18% ಅನ್ನು ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಪಡೆಯಲೂ ಆಗುವುದಿಲ್ಲ. ದೊಡ್ಡ ಕಂಪನಿಗೆ 1,999 ಎಂದರೆ 1,999, ಮಾಮು ಅವರಿಗೆ ಅದು 2,358.82.

ಮರುಕಳಿಕೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದು ನಮ್ಮ ಊರಿನ ವಿಶೇಷ. ಯಂತ್ರಕ್ಕೆ ಅಕ್ಷರ ಒಂದೇ ಇದ್ದರೆ ಮಾತ್ರ ಒಂದೇ ಅಂಗಡಿ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್, ಮೊಹಮದ್, ಎಂಡಿ ಎಂದು ಐದು ತರಹ ಬರೆದರೆ ಐದು ಅಂಗಡಿ. ಶಿರಾಳಕೊಪ್ಪ ಇಂಗ್ಲಿಷಿನಲ್ಲಿ ಮೂರು ಕಾಗುಣಿತದಲ್ಲಿದೆ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಆದರೂ ಅರ್ಧ ಪಟ್ಟಿ ಶಿಮೊಗ್ಗದಲ್ಲೇ ಇದೆ. ಪ್ರತಿ ಮರುಕಳಿಕೆಗೂ ಒಂದು ಕ್ರೆಡಿಟ್ ಹೋಗುತ್ತದೆ. ಇದಕ್ಕಿಂತ ಮಜವಾದದ್ದು, 'ಅ' ಪಟ್ಟಿಯಲ್ಲಿ ಶಿಕಾರಿಪುರ ಎಂದು ಕೊಟ್ಟಿದ್ದ ಒಂದು ಅಂಗಡಿಗೆ ಫೋನ್ ಮಾಡಿದರೆ ಎತ್ತಿದವರು ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಶಿಕಾರ್‌ಪುರದವರು! ನನ್ನ ವಿದ್ಯಾರ್ಥಿ ಉರ್ದುವಿನಲ್ಲಿ ಮಾತಾಡಿದ, ಅವರಿಗೂ ನಗು. ಪಿನ್‌ಕೋಡ್ ನೋಡಿದ್ದರೆ ಕರೆ ಮಾಡುವ ಮೊದಲೇ ಗೊತ್ತಾಗುತ್ತಿತ್ತು. ನಮ್ಮ ಶಿಕಾರಿಪುರ 577427, ಸೊರಬ 577429. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರೊಳಗೆ ಶುರುವಾಗುತ್ತವೆ. ಆದ್ದರಿಂದ ಊರಿನ ಹೆಸರಿನ ಮೇಲೆ ಸೋಸಬೇಡಿ, ಪಿನ್‌ಕೋಡ್ ಮೇಲೆ ಸೋಸಿ. ಹೆಸರಿನ ಮೇಲೆ ಮರುಕಳಿಕೆ ಹುಡುಕಬೇಡಿ, ಫೋನಿನ ಕೊನೆಯ 10 ಅಂಕಿಗಳ ಮೇಲೆ ಹುಡುಕಿ.

ಜಾಹೀರಾತಿನಲ್ಲಿ 'ಆ' ಸೇವೆ 98% ಭರ್ತಿ ಎಂದು ಬರೆದುಕೊಂಡಿತ್ತು. ಭರ್ತಿ ಬೇರೆ, ಸರಿ ಬೇರೆ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದವರೆಲ್ಲ ನೂರಕ್ಕೆ ನೂರು ತೆಗೆಯುತ್ತಾರೆಯೇ?

ಇನ್ನು ನಾನು ಮುಖ್ಯ ಎಂದುಕೊಂಡಿರುವ ಭಾಗ. 'ಬೇರೆ ಯಾರೋ ಎತ್ತಿದ' ಒಂಬತ್ತರಲ್ಲಿ ಒಬ್ಬರು ಮಹಿಳೆ. ಅದು ಯಾವುದೋ ಊರಿನ ಶಾಮಿಯಾನ ಅಂಗಡಿಯ ನಂಬರ್ ಎಂದು ಪಟ್ಟಿ ಹೇಳುತ್ತಿತ್ತು. ಫೋನ್ ಹಿಡಿದಿದ್ದ ವಿದ್ಯಾರ್ಥಿ ವಿನಯದಿಂದಲೇ ಕೇಳಿದ. ಆಕೆ ಮೊದಲು ಸುಮ್ಮನಿದ್ದು, ಆಮೇಲೆ, "ಅಣ್ಣ, ಈ ಸಿಮ್ ತಗೊಂಡಾಗಿನಿಂದ ದಿನಾ ಒಂದು ಫೋನ್ ಬರ್ತದೆ, ಕುರ್ಚಿ ಬಾಡಿಗೆ ಎಷ್ಟು, ಲೈಟು ಎಷ್ಟು ಅಂತ. ರಾತ್ರಿ ಹತ್ತಕ್ಕೂ ಮಾಡ್ತಾರೆ. ಮನೆಯಲ್ಲಿ ಯಾರ ಫೋನ್ ಅಂತ ಕೇಳ್ತಾರೆ. ನಾನು ಏನು ಹೇಳಲಿ?" ಎಂದರು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ಹುಡುಗ ಕ್ಷಮೆ ಕೇಳಿ ಫೋನ್ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಸರ್, ನಾವೂ ಈಗ ಅದನ್ನೇ ಮಾಡಿದೆವಲ್ಲ?" ಎಂದ.

ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಇದರ ಹಿಂದಿನ ಕಾರಣ ಹೀಗಿದೆ. ಬಂದಾದ ಮೊಬೈಲ್ ನಂಬರನ್ನು ಕಂಪನಿಗಳು ಕನಿಷ್ಠ 90 ದಿನ ಬಿಟ್ಟು ಇನ್ನೊಬ್ಬರಿಗೆ ಕೊಡಬಹುದು. ಶಾಮಿಯಾನದವರು ಸಿಮ್ ಬಿಟ್ಟರು, ಆಕೆಗೆ ಅದೇ ನಂಬರ್ ಬಂತು. ಪಟ್ಟಿ ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇದೆ. ಹಳೆಯ ಪಟ್ಟಿ ಎಂದರೆ ಕೊಂಡವನಿಗೆ ನಷ್ಟ ಎಂದಷ್ಟೇ ನಾವು ಲೆಕ್ಕ ಹಾಕಿದ್ದೆವು. ಆಕೆಯ ನಷ್ಟಕ್ಕೆ ನಮ್ಮ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ.

ಹಿಂದೆ ನಮ್ಮ ಮನೆಗಳಲ್ಲಿ ದೂರವಾಣಿ ಇಲಾಖೆಯ ದಪ್ಪ ಡೈರೆಕ್ಟರಿ ಇರುತ್ತಿತ್ತು. ಅದರ ರಟ್ಟಿನ ಮೇಲೆ ಇಸವಿ ಅಚ್ಚಾಗಿರುತ್ತಿತ್ತು, ಹಳೆಯದಾಯಿತು ಎಂದು ನೋಡಿದರೆ ತಿಳಿಯುತ್ತಿತ್ತು. ಅಷ್ಟೇಕೆ, ನಮ್ಮ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನವನ್ನೇ ನೋಡಿ. ಕೆರೆ ಕಟ್ಟಿಸಿದವನು ಕಾಕುಸ್ಥವರ್ಮ, ಶಾಸನ ಬರೆಸಿದ್ದು ಶಾಂತಿವರ್ಮನ ಕಾಲದಲ್ಲಿ, ರಚಿಸಿದ ಕವಿ ಕುಬ್ಜ ಎಂದು ಅದೇ ಕಲ್ಲು ಹೇಳುತ್ತದೆ. ಮಾಹಿತಿ ಯಾರದು, ಯಾವಾಗಿನದು ಎಂದು ತಿಳಿಯಲು ಬೇರೆ ಕಡೆ ಹೋಗಬೇಕಿಲ್ಲ. 3,540 ರೂಪಾಯಿಯ ಫೈಲಿನಲ್ಲಿ ಈ ಎರಡು ಮಾತು ಇರಲಿಲ್ಲ. 'ಆ'ದಲ್ಲಿ ಕೊನೆಯ ಸಲ ಪರಿಶೀಲಿಸಿದ ತಾರೀಖು ಎಂಬ ಕಾಲಂ ಇತ್ತು, ಅದರ ಗುಣಮಟ್ಟ ಮೇಲಿರಲು ಇದೇ ಕಾರಣ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಬೆಲೆ ಕೇಳುವುದಿಲ್ಲ, ಪ್ರತಿ ಸಾಲಿಗೂ ತಾರೀಖು ಇದೆಯೇ ಎಂದು ಕೇಳುತ್ತೇನೆ.

ಕಾನೂನಿನ ಮಾತೂ ಇದೆ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರಲಿವೆ. ಒಬ್ಬನೇ ಮಾಲೀಕನಿರುವ ಅಂಗಡಿಯ ಮೊಬೈಲ್ ನಂಬರ್ ಆ ವ್ಯಕ್ತಿಯ ವೈಯಕ್ತಿಕ ದತ್ತಾಂಶವೂ ಹೌದು. ಆತ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ್ದರೆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಬೋರ್ಡಿನ ಮೇಲೆ ಬರೆಸಿದ ನಂಬರ್ ಬೇರೆ, ಎಲ್ಲಿಂದಲೋ ಸೋರಿ ಬಂದ ನಂಬರ್ ಬೇರೆ. ಇನ್ನು ಟ್ರಾಯ್‌ನ 2018ರ ನಿಯಮಗಳ ಪ್ರಕಾರ ನೋಂದಣಿ ಇಲ್ಲದೆ ಸಾಮಾನ್ಯ 10 ಅಂಕಿಯ ನಂಬರಿನಿಂದ ರಾಶಿ ರಾಶಿ ಮಾರಾಟದ ಕರೆ ಮಾಡುವಂತಿಲ್ಲ, ದೂರು ಕೊಡಲು 1909 ಇದೆ. ಪಟ್ಟಿ ಮಾರುವವನು ಇದನ್ನು ಹೇಳುವುದಿಲ್ಲ, ಸಿಕ್ಕಿಬೀಳುವುದು ಕರೆ ಮಾಡಿದವನು.

ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ನಲ್ಲಿ ಎಲ್ಲ ಉಚಿತ ಸಿಗುತ್ತದಲ್ಲ ಎಂದು ಕೆಲವರು ಕೇಳಿದರು. ಎರಡೂ 1996ರಲ್ಲಿ ಶುರುವಾದ ಸಂಸ್ಥೆಗಳು. ಅಲ್ಲಿ ಹುಡುಕುವವರಿಗೆ ಉಚಿತ, ಹೆಚ್ಚು ಪ್ರಚಾರ ಬೇಕಾದ ವ್ಯಾಪಾರಿಗಳು ದುಡ್ಡು ಕೊಡುತ್ತಾರೆ. ಒಬ್ಬೊಬ್ಬರನ್ನೇ ಹುಡುಕಿ ಫೋನ್ ಮಾಡಲು ಅಡ್ಡಿಯಿಲ್ಲ. ಇಡೀ ಪಟ್ಟಿಯನ್ನು ಯಂತ್ರದಿಂದ ಎಳೆದು ಮಾರುವುದು ಬೇರೆ ಮಾತು. 1995ರಲ್ಲೇ ದೆಹಲಿ ಹೈಕೋರ್ಟ್, ಅಂಚೆ ಮೂಲಕ ಸರಕು ಮಾರುವ ಕಂಪನಿಯೊಂದರ ಗ್ರಾಹಕರ ವಿಳಾಸ ಪಟ್ಟಿಯನ್ನು ಮಾಜಿ ನೌಕರ ಕೊಂಡೊಯ್ದ ಪ್ರಕರಣದಲ್ಲಿ, ಅಂಥ ಪಟ್ಟಿಗೂ ಕೃತಿಸ್ವಾಮ್ಯವಿದೆ ಎಂದಿತ್ತು. ಮುಕ್ತವಾಗಿ ಬಳಸಲು ಬಿಟ್ಟಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್, ಆದರೆ ಅಲ್ಲಿ ನಮ್ಮ ಸೀಮೆಯ ಅಂಗಡಿಗಳನ್ನು ಯಾರಾದರೂ ಗುರುತಿಸಿದ್ದರೆ ತಾನೇ ಸಿಗುವುದು.

ಕೊನೆಗೆ ನಾವೇ ಒಂದು ಪಟ್ಟಿ ಮಾಡಿದೆವು. 23 ವಿದ್ಯಾರ್ಥಿಗಳು, ತಮ್ಮ ಮನೆಯಿಂದ ಕಾಲೇಜಿಗೆ ಬರುವ ದಾರಿಯಲ್ಲಿ ಕಾಣುವ ಬೋರ್ಡುಗಳಲ್ಲಿ ಹತ್ತಕ್ಕೆ ಮೀರದಂತೆ ಬರೆದುಕೊಳ್ಳಬೇಕು. ಶಿರಾಳಕೊಪ್ಪ, ಶಿಕಾರಿಪುರ, ಬಳ್ಳಿಗಾವಿ, ಆನವಟ್ಟಿ, ಸೊರಬ. ಬರೆದ ಮೇಲೆ ಅಂಗಡಿಯೊಳಗೆ ಹೋಗಿ, ನಾವು ಯಾರು, ಏಕೆ ಬೇಕು, ಯಾರಿಗೆ ಕೊಡುತ್ತೇವೆ ಎಂದು ಹೇಳಿ ಒಪ್ಪಿಗೆ ಕೇಳಬೇಕು. ಬೇಡ ಎಂದರೆ ಅಲ್ಲೇ ಗೀಟು ಹೊಡೆಯಬೇಕು. ಮರುಕಳಿಕೆ ತೆಗೆದ ಮೇಲೆ 131 ಅಂಗಡಿ ಉಳಿದವು, ಒಪ್ಪಿದವರು 88. ಒಬ್ಬ ಅಡುಗೆ ಕಂಟ್ರಾಕ್ಟರ್ ಮೊದಲು ಬೈದು, ಆಮೇಲೆ ಚಹಾ ಕುಡಿಸಿ ನಂಬರ್ ಕೊಟ್ಟರಂತೆ. ಈ 88ರಲ್ಲಿ ಮಾಮು ಅವರಿಂದ ಈವರೆಗೆ ತಟ್ಟೆ ತರಿಸಿಕೊಂಡವರು 7 ಜನ.

ಇದೇ ಸರ್ವೋತ್ತಮ ಎಂದು ನಾನು ಹೇಳಲಾರೆ. ನಮ್ಮ ಪಟ್ಟಿಯಲ್ಲಿ ದಾವಣಗೆರೆ ಇಲ್ಲ, ಹುಬ್ಬಳ್ಳಿ ಇಲ್ಲ, ದೊಡ್ಡ ಸಗಟು ವ್ಯಾಪಾರಿಗಳಿರುವ ಬೆಂಗಳೂರು ಇಲ್ಲ. ಅಲ್ಲಿಗೆ ನಡೆದು ಹೋಗಿ ಬೋರ್ಡು ಓದಲಾಗದು. ಮಾಮು ಅವರಿಗೆ ನಾನು ಹೇಳಿದ್ದು, ಹೊರಗಿನ ಊರುಗಳಿಗೆ ಬೇಕಾದರೆ 'ಆ'ದಂಥ ಸೇವೆಯನ್ನು ಒಂದೇ ತಿಂಗಳಿಗೆ ತಗೊಳ್ಳಿ, ಆದರೆ ಮೊದಲೇ ಯಾವ ಊರು, ಯಾವ ಬಗೆಯ ಅಂಗಡಿ, ಎಷ್ಟು ಎಂದು ಕಾಗದದ ಮೇಲೆ ಬರೆದುಕೊಂಡು ಕೂರಿ, 500ನ್ನೂ ಮೊದಲ ವಾರದಲ್ಲೇ ಇಳಿಸಿಕೊಳ್ಳಿ, ದುಡ್ಡು ಕಟ್ಟಿದ ದಿನವೇ ಆಟೋಪೇ ರದ್ದು ಮಾಡಿ. ಬಂದಾದ ನಂಬರಿಗೆ ಕ್ರೆಡಿಟ್ ವಾಪಸ್ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅವರು ಕೇಳಿಸಿಕೊಂಡು, "ಅಷ್ಟೆಲ್ಲ ನೀನೇ ಮಾಡಿಕೊಡು" ಎಂದರು.

'ಅ' ಪಟ್ಟಿಯನ್ನು ಅವರ ಫೋನಿನಿಂದಲೂ ಕಾಲೇಜಿನ ಕಂಪ್ಯೂಟರಿನಿಂದಲೂ ಅಳಿಸಿದೆವು. ಅಳಿಸಬೇಕೆಂದು ಹಠ ಹಿಡಿದವನು ಆ ದಿನ ಫೋನ್ ಹಿಡಿದಿದ್ದ ಹುಡುಗನೇ. ನಮ್ಮ ಪಟ್ಟಿಯನ್ನು ನಾನು ಒಂದು ನೋಟುಪುಸ್ತಕದಲ್ಲಿ ಬರೆಸಿ ವಿಭಾಗದ ಬೀರುವಿನಲ್ಲಿಟ್ಟಿದ್ದೇನೆ, ರಟ್ಟಿನ ಮೇಲೆ ತಾರೀಖು ಹಾಕಿ. ಸೊರಬದ ಎರಡು ಅಂಗಡಿಗಳ ನಂಬರ್ ಬದಲಾಗಿದೆ ಎಂದು ಮೊನ್ನೆ ಒಬ್ಬ ವಿದ್ಯಾರ್ಥಿನಿ ಹೇಳಿದಳು. ಸೋಮವಾರ ತಿದ್ದಬೇಕು.